ಎಲೆ ಇಟ್ಟವನು ಬರುವವರೆಗೆ

ನನ್ನ ಅಪ್ಪ ಅವ್ವ ಬೇರೆಯಾದಾಗ ನನಗೆ ಹಾಲುಹಲ್ಲು ಬೀಳುವ ವಯಸ್ಸು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಮುಂದೆ ಯಾರಾದರೂ ಆಡಿದರೆ ಈಗಲೂ ಸಿಟ್ಟು ಬರುತ್ತದೆ. ಜಗಳದಲ್ಲಿ ನಾನೇನೂ ಬಡವಾಗಲಿಲ್ಲ. ಒಂದೇ ಸೂರಿನಡಿ ಇದ್ದಾಗ ಅವರಿಬ್ಬರೂ ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡುವುದರಲ್ಲೇ ಹೊತ್ತು ಕಳೆಯುತ್ತಿದ್ದರು, ನನ್ನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಬೇರೆಯಾದ ಮೇಲೆ ಇಬ್ಬರೂ ನನ್ನನ್ನೇ ನೋಡತೊಡಗಿದರು. ನಾನು ಬಡವಾದದ್ದು ಆಮೇಲೆ, ಎಲ್ಲರೂ ಸೇರಿ ನನಗೆ ಒಳ್ಳೆಯದು ಮಾಡಲು ಹೊರಟಾಗ.

ನಾವು ಪಿಂಜಾರರು. ನಮಾಜು ಅರಬ್ಬಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಊರಿನ ಉರ್ದು ಮಾತಾಡುವ ಸಾಬರು ನಮ್ಮನ್ನು ಅರ್ಧ ಸಾಬರು ಅಂತ ಛೇಡಿಸುತ್ತಿದ್ದರು, ಗೌಡರ ಕೇರಿಯವರು ಪೂರಾ ಸಾಬರು ಅಂತ ದೂರ ಕೂರಿಸುತ್ತಿದ್ದರು. ಅಪ್ಪ ಹೊನ್ನಾಳಿಯಲ್ಲಿ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುತ್ತಿದ್ದ. ಸೂರಿಗೆ ತೂಗುಹಾಕಿದ ಆಳುದ್ದದ ಬಿಲ್ಲು, ಅದರ ಹೆದೆಗೆ ಮರದ ಕೊಡತಿಯಿಂದ ಹೊಡೆದರೆ ಟಂಯ್ ಟಂಯ್ ಅಂತ ಸದ್ದು, ಮನೆತುಂಬ ಹಾರುವ ಅರಳೆ. ನನ್ನ ಕೂದಲಲ್ಲಿ ಯಾವಾಗಲೂ ಒಂದಿಷ್ಟು ಹತ್ತಿ ಇರುತ್ತಿತ್ತು. ಓರಗೆಯ ಹುಡುಗಿಯರು ನನ್ನನ್ನು ಮುದುಕಿ ಅಂತ ಕರೆಯುತ್ತಿದ್ದರು.

ಬೇರೆಯಾದ ಮರುವರ್ಷ ಅವ್ವ ನ್ಯಾಮತಿಯ ಒಬ್ಬ ಬಳೆ ವ್ಯಾಪಾರಿಯನ್ನು ನಿಕಾ ಮಾಡಿಕೊಂಡಳು. ನಮ್ಮಲ್ಲಿ ಒಂದು ಕಟ್ಟಳೆಯಿತ್ತು. ತಲಾಖಾದ ಹೆಂಗಸು ಒಬ್ಬಳೇ ಇರುವವರೆಗೆ ಹೆಣ್ಣುಮಗು ಅವಳ ಬಳಿ. ಅವಳು ಬೇರೆ ಮನೆ ಸೇರಿದರೆ ಮಗು ಜೊತೆಗೆ ಹೋಗುವಂತಿಲ್ಲ, ಪರಗಂಡಸಿನ ಮನೆಯಲ್ಲಿ ಹೆಣ್ಣುಮಗು ಬೆಳೆಯಬಾರದು ಅಂತ. ಆ ಪರಗಂಡಸು ಎಂಥವನು ಅಂತ ಕಟ್ಟಳೆ ಕೇಳುವುದಿಲ್ಲ. ಸುತ್ತಲ ಊರುಗಳ ಪಿಂಜಾರರ ಮನೆಗಳಿಗೆಲ್ಲ ಯಜಮಾನರೊಬ್ಬರು ಚನ್ನಗಿರಿಯಲ್ಲಿದ್ದರು. ಮದುವೆ, ತಲಾಖು, ಮಕ್ಕಳು ಯಾರ ಪಾಲು ಎಂಬುದೆಲ್ಲ ಅವರ ಅಂಗಳದಲ್ಲೇ ತೀರ್ಮಾನವಾಗಬೇಕು. ಅವರು ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಹೇಳಿದರು: ಮಗು ಹೊನ್ನಾಳಿಯಲ್ಲಿ ಅಪ್ಪನ ಬಳಿ ಇರಲಿ. ನ್ಯಾಮತಿ ಸಂತೆಗೆ ಅಪ್ಪ ಹೇಗೂ ಗಾದಿ ಹೇರಿಕೊಂಡು ಹೋಗುತ್ತಾನೆ, ಅವತ್ತು ಬೆಳಗಿನಿಂದ ಸಂತೆ ಮುರಿಯುವವರೆಗೆ ಅವ್ವನ ಬಳಿ ಇರಲಿ.

ಇದಕ್ಕಿಂತ ಒಳ್ಳೆಯ ತೀರ್ಪನ್ನು ನನ್ನ ಜೀವಮಾನದಲ್ಲಿ ನಾನು ಕಂಡಿಲ್ಲ. ಸಂತೆಯ ದಿನ ನಾನು ಗಾಡಿಯಲ್ಲಿ ಗಾದಿಗಳ ಮೇಲೆ ಮಲಗಿಕೊಂಡು ನ್ಯಾಮತಿಗೆ ಹೋಗುತ್ತಿದ್ದೆ, ಮೈಸೂರು ಮಹಾರಾಜರಿಗೂ ಅಂಥ ಸವಾರಿ ಇರಲಿಕ್ಕಿಲ್ಲ. ಅವ್ವ ಮೊದಲು ನನ್ನ ಜಡೆ ಬಿಚ್ಚಿ, ಇದೇನು ಜಡೆಯೋ ಎತ್ತಿನ ಹಗ್ಗವೋ ಅಂತ ಅಪ್ಪನಿಗೆ ಮುಟ್ಟುವ ಹಾಗೆ ಬೈದು, ಅರಳೆ ಹೆಕ್ಕಿ, ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಆಮೇಲೆ ಮಂಡಕ್ಕಿ, ಖಾರ, ಬೆಲ್ಲದ ಚಹಾ. ಆ ಬಳೆ ವ್ಯಾಪಾರಿ ಮಾತು ಕಡಿಮೆಯ ಮನುಷ್ಯ. ನನ್ನ ಕೈಗೆ ಆಗುವ ಬಳೆ ಹುಡುಕಿ ತೊಡಿಸಿ, ಗಟ್ಟಿಯಾಗಿ ಆಡಿದರೆ ಒಡೀತಾವೆ ನೋಡು ಅಂದು ಸಂತೆಗೆ ಹೋಗಿಬಿಡುತ್ತಿದ್ದ. ಬಿಸಿಲು ಇಳಿದಾಗ ಅಪ್ಪ ಓಣಿಯ ತುದಿಯಲ್ಲಿ ನಿಂತು ಕೆಮ್ಮುತ್ತಿದ್ದ. ಬಾಗಿಲಿಗೆ ಬರುತ್ತಿರಲಿಲ್ಲ. ಅವ್ವನೂ ಬಾಗಿಲು ದಾಟುತ್ತಿರಲಿಲ್ಲ. ಆ ಓಣಿಯನ್ನು ದಾಟುವವಳು ನಾನೊಬ್ಬಳೇ ಆಗಿದ್ದೆ, ಅದರ ಜಂಬವೂ ನನಗಿತ್ತು.

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷಕ್ಕೆ ಹತ್ತಿ ಸಿಗುವುದು ಕಷ್ಟವಾಯಿತು. ಬಟ್ಟೆಗೇ ಬರ ಬಂದಿರುವಾಗ ಹೊಸ ಗಾದಿ ಯಾರು ಹೊಲಿಸುತ್ತಾರೆ? ಬಿಲ್ಲು ಸೂರಿನಲ್ಲಿ ಸುಮ್ಮನೆ ತೂಗುತ್ತಿತ್ತು. ಸುಮ್ಮನೆ ಕೂತ ಅಪ್ಪನನ್ನು ನೋಡುವುದು ನನಗೂ ಕಷ್ಟ, ಅವನಿಗೂ ಕಷ್ಟ. ಹೊನ್ನಾಳಿಗೆ ಮಿಲಿಟರಿಗೆ ಆಳು ಸೇರಿಸಿಕೊಳ್ಳುವವರು ಬಂದರು. ಕೋವಿ ಹಿಡಿಯುವವರಷ್ಟೇ ಅಲ್ಲ, ಅಡಿಗೆಯವರು, ಚಮ್ಮಾರರು, ಡೇರೆ ಹೊಲಿಯುವವರು ಎಲ್ಲರೂ ಬೇಕು ಅಂದರು. ಅಪ್ಪ ಯಾರನ್ನೂ ಕೇಳದೆ ಹೆಬ್ಬೆಟ್ಟು ಒತ್ತಿ ಬಂದ. ಮನೆಗೆ ಬಂದು ನನ್ನ ಮುಂದೆ ಕೂತು, ಡೇರೆ ಅಂದರೆ ದೊಡ್ಡ ಗಾದಿ ಇದ್ದ ಹಾಗೆ, ಒಳಗೆ ಹತ್ತಿ ಇರುವುದಿಲ್ಲ ಅಷ್ಟೇ ಅಂತ ವಿವರಿಸಿದ. ನನಗೆ ನಗು ಬಂತು. ಅವನು ಹೋಗುತ್ತಾನೆ ಅಂದರೆ ನಾನೆಲ್ಲಿರಬೇಕು ಅನ್ನುವುದು ನಗು ಮುಗಿದ ಮೇಲೆ ಹೊಳೆಯಿತು.

ನನಗೇನೋ ಅದರಲ್ಲಿ ಕಷ್ಟವೇ ಕಾಣಲಿಲ್ಲ. ಅಪ್ಪ ಇಲ್ಲದಿದ್ದರೆ ಅವ್ವ. ವಾರಕ್ಕೊಂದು ದಿನ ಇದ್ದದ್ದು ಏಳು ದಿನವಾಗುತ್ತದೆ, ಅಪ್ಪ ಬಂದ ಮೇಲೆ ಮತ್ತೆ ಒಂದಾಗುತ್ತದೆ. ಆದರೆ ಯಜಮಾನರ ತೀರ್ಪನ್ನು ನಾವಾಗಿ ಬದಲಾಯಿಸುವಂತಿರಲಿಲ್ಲ. ಎಲ್ಲರೂ ಮತ್ತೆ ಚನ್ನಗಿರಿಗೆ ಹೋದೆವು.

ನಮ್ಮ ಪಂಚಾಯ್ತಿಯ ಕ್ರಮ ಹೀಗೆ: ತೀರ್ಪು ಬೇಡುವವನು ಯಜಮಾನರ ಮುಂದಿನ ತಟ್ಟೆಯಲ್ಲಿ ಎಲೆ ಅಡಿಕೆ ಇಡಬೇಕು. ತೀರ್ಪಾದ ಮೇಲೆ ಎರಡು ಕಡೆಯವರೂ ಅದೇ ತಟ್ಟೆಯಿಂದ ಎಲೆ ತೆಗೆದು ಹಾಕಿಕೊಂಡರೆ ಮುಗಿಯಿತು, ಕಾಗದ ಪತ್ರ ಬೇಕಿಲ್ಲ. ಆ ತೀರ್ಪು ಬದಲಾಗಬೇಕಾದರೆ ಎಲೆ ಇಟ್ಟವನೇ ಬಂದು ಮತ್ತೆ ಎಲೆ ಇಡಬೇಕು. ದಾರಿಯಲ್ಲಿ ಹೋಗುವವರೆಲ್ಲ ತೀರ್ಪು ಕೆದಕಬಾರದು ಅಂತ ಹಿಂದಿನವರು ಮಾಡಿದ ಉಪಾಯ. ಅಪ್ಪ ಎಲೆ ಇಟ್ಟ. ತಾನು ಯುದ್ಧಕ್ಕೆ ಹೋಗುತ್ತಿದ್ದೇನೆ, ಬರುವವರೆಗೆ ಮಗಳು ಜಗಳೂರಿನಲ್ಲಿ ತನ್ನ ಅಕ್ಕನ ಬಳಿ ಇರಲು ಅಪ್ಪಣೆಯಾಗಬೇಕು ಅಂದ.

ಈ ಮಾತನ್ನು ಅವನು ನನಗೆ ಹೇಳಿರಲೇ ಇಲ್ಲ. ನಾನು ಹೆಂಗಸರ ಕಡೆ ಅವ್ವನ ತೊಡೆಗೆ ಒತ್ತಿಕೊಂಡು ಕೂತಿದ್ದೆ. ಜಗಳೂರು ಅಂದರೆ ನನಗೆ ಬೇರೆ ದೇಶ. ಅಲ್ಲಿ ವಿಧವೆ ಅತ್ತೆಯೊಬ್ಬಳಿದ್ದಾಳೆ, ಮಕ್ಕಳಿಲ್ಲ, ಹಬ್ಬಕ್ಕೊಮ್ಮೆ ಬಂದು ನನ್ನ ಕೆನ್ನೆ ಹಿಂಡುತ್ತಾಳೆ, ಇಷ್ಟೇ ಗೊತ್ತಿದ್ದದ್ದು. ಅವ್ವ ಮಗು ನ್ಯಾಮತಿಯಲ್ಲೇ ಇರಲಿ ಅಂತ ಬೇಡಿಕೊಂಡಳು. ಬಳೆ ವ್ಯಾಪಾರಿಯೂ ಎದ್ದು ನಿಂತು ತನ್ನದೇನೂ ಅಡ್ಡಿಯಿಲ್ಲ ಅಂದ. ಹಿರಿಯರು ಅವನನ್ನು ಹೊಗಳಿದರು, ಆದರೆ ಕಟ್ಟಳೆ ಕಟ್ಟಳೆಯೇ ಅಂದರು. ಯಜಮಾನರು ತೀರ್ಪು ಹೇಳಿದರು: ಎಲೆ ಇಟ್ಟವನು ಬರುವವರೆಗೆ ಮಗು ಜಗಳೂರಿನಲ್ಲಿ ಅತ್ತೆಯ ಬಳಿ ಇರಲಿ. ಅವನು ಬಂದ ಮೇಲೆ ಎಲ್ಲ ಮೊದಲಿನ ಹಾಗೆ.

ಅವ್ವ ಎದ್ದಳು. "ಯಜಮಾನ್ರೇ, ಇನ್ನೊಂದು ಮಾತು ಐತೆ. ಒಂದು ವೇಳೆ ಅವರು..."

ಅಷ್ಟೇ. ಹೆಂಗಸರೆಲ್ಲ ಒಮ್ಮೆಗೇ ಲೊಚಗುಟ್ಟಿದರು. ಒಬ್ಬಳು ಅವ್ವನ ಸೆರಗು ಹಿಡಿದು ಕೆಳಕ್ಕೆ ಎಳೆದಳು. ಯಜಮಾನರು ಕೈ ಎತ್ತಿ ತಡೆದರು.

"ಹೊರಟು ನಿಂತವರ ಮುಂದೆ ಅಂಥ ಮಾತು ಆಡಬಾರದು ಕಣವ್ವ. ಕೂತ್ಕೊ."

ಅವ್ವ ಕೂತಳು. ಅವಳ ಬಾಯಲ್ಲಿದ್ದ ಮಾತೇ ಅಂಗಳದಲ್ಲಿದ್ದ ಪ್ರತಿಯೊಬ್ಬರ ತಲೆಯಲ್ಲೂ ಇತ್ತು. ಯುದ್ಧಕ್ಕೆ ಹೋದವರಲ್ಲಿ ಬಾರದವರೂ ಇರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು, ಅಪ್ಪನಿಗೂ ಗೊತ್ತು. ನಮ್ಮ ಜನ ಹಿತ್ತಲಿಗೆ ಹೊರಟರೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಹಾಗಾಗಿ ಆ ತೀರ್ಪಿನಲ್ಲಿ ಬಂದರೆ ಏನು ಅನ್ನುವುದಷ್ಟೇ ಇತ್ತು. ಬಾರದಿದ್ದರೆ ಏನು ಅನ್ನುವುದು ಇರಲಿಲ್ಲ. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ ಅನ್ನುವುದೇ ನನ್ನನ್ನು ಈಗಲೂ ಉರಿಸುತ್ತದೆ. ಒಬ್ಬ ಕೆಟ್ಟವನಿದ್ದಿದ್ದರೆ ಅವನ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬಹುದಿತ್ತು.

ಅಪ್ಪ ಎಲೆ ಹಾಕಿಕೊಂಡ. ಅವ್ವನೂ ಎಲೆ ಹಾಕಿಕೊಂಡಳು, ಹಾಕಿಕೊಳ್ಳದೆ ಬಿಡುವಂತಿರಲಿಲ್ಲ. ಅಪ್ಪ ಹೊನ್ನಾಳಿ ಮನೆ ಬಿಟ್ಟುಕೊಟ್ಟು, ಬಿಲ್ಲನ್ನು ಗಾಡಿಗೆ ಹಾಕಿ, ನನ್ನನ್ನು ಜಗಳೂರಿಗೆ ಬಿಟ್ಟುಬಂದ. ಹೊರಡುವಾಗ ನನ್ನ ಜಡೆ ಹಿಡಿದು ಎಳೆದು, ಬರ್ತೀನಿ ಅಂದ.

ಜಗಳೂರು ನನಗೆ ಹೇಗೆ ಕಂಡಿತೆಂದು ಹೇಳಿದರೆ ಅಲ್ಲಿಯವರಿಗೆ ಬೇಜಾರಾಗಬಹುದು. ಹೊನ್ನಾಳಿಯಲ್ಲಿ ಹೊಳೆ ನೋಡಿ ಬೆಳೆದವಳಿಗೆ ಅಲ್ಲಿ ಬಾವಿಯ ತಳದಲ್ಲಿ ಹಗ್ಗದಷ್ಟು ದೂರದ ನೀರು. ಅನ್ನದ ಬದಲು ಸಜ್ಜೆರೊಟ್ಟಿ, ನವಣೆ. ಊರ ಸುತ್ತ ಎತ್ತ ನೋಡಿದರೂ ಬಯಲು, ಯಾರು ಬಂದರೂ ಹೋದರೂ ಮೈಲಿ ದೂರದಿಂದ ಕಾಣಿಸುತ್ತಾರೆ. ಅಂಥ ಬಟ್ಟಬಯಲಲ್ಲಿ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ ಅಂದರೆ ಯಾರು ನಂಬುತ್ತಾರೆ? ಬಾಗಿಲಿಗೆ ಬೀಗ ಇರಲಿಲ್ಲ. ಅತ್ತೆ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಬೈದಿದ್ದರೆ ಓಡಿಹೋಗುತ್ತಿದ್ದೆನೋ ಏನೋ.

ಅತ್ತೆ ಕೌದಿ ಹೊಲಿದು ಬದುಕುತ್ತಿದ್ದಳು. ಹಳೆಯ ಸೀರೆ, ಪಂಚೆ ತಂದುಕೊಟ್ಟವರಿಗೆ ಪದರ ಪದರವಾಗಿ ಹಾಸಿ ಹೊಲಿದು ಕೊಡುವುದು. ನನಗೂ ಸೂಜಿ ಕೊಟ್ಟಳು. ಅಪ್ಪನ ಬಿಲ್ಲನ್ನು ಗೋಡೆಗೆ ನೇತುಹಾಕಿ, ಶುಕ್ರವಾರಕ್ಕೊಮ್ಮೆ ಇಳಿಸಿ, ಬಟ್ಟೆಯಿಂದ ಒರೆಸಿ, ಹೆದೆ ಸಡಿಲವಾಗಿದೆಯೇ ನೋಡಿ ಮತ್ತೆ ನೇತುಹಾಕುತ್ತಿದ್ದಳು. ಅವಳ ಮಾತೆಲ್ಲ ನಿಮ್ಮಪ್ಪ ಬಂದಾಗ ಅಂತಲೇ ಶುರುವಾಗುತ್ತಿತ್ತು. ನಿಮ್ಮಪ್ಪ ಬಂದಾಗ ಈ ಸೂರು ಎತ್ತರಿಸಬೇಕು. ನಿಮ್ಮಪ್ಪ ಬಂದಾಗ ನಿನ್ನ ಕಿವಿಗೆ ಮಾಡಿಸಬೇಕು. ಮೊದಲ ವರ್ಷ ಆ ಮಾತು ನನಗೂ ಹಿತವಾಗಿತ್ತು.

ಅವ್ವ ಬರುವುದಕ್ಕೆ ತೀರ್ಪಿನಲ್ಲಿ ಅಡ್ಡಿ ಇರಲಿಲ್ಲ, ಅಪ್ಪಣೆಯೂ ಇರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬಿಟ್ಟಿದ್ದರು. ನ್ಯಾಮತಿಯಿಂದ ಜಗಳೂರಿಗೆ ಬರಬೇಕೆಂದರೆ ಹೊನ್ನಾಳಿಗೆ ಗಾಡಿ, ಅಲ್ಲಿಂದ ದಾವಣಗೆರೆಗೆ ಬಸ್ಸು, ಮತ್ತೊಂದು ಬಸ್ಸು. ಪೆಟ್ರೋಲಿಲ್ಲದ ಕಾಲ, ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡ ಬಸ್ಸುಗಳು ಯಾವತ್ತು ಹೊರಟು ಯಾವತ್ತು ತಲುಪುತ್ತವೋ ಹೇಳುವಂತಿರಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದಳು. ಎರಡನೆಯ ಸಲ ಬಂದಾಗ ಕಂಕುಳಲ್ಲಿ ನನ್ನ ತಮ್ಮನಿದ್ದ. ಅವ್ವ ಅವನನ್ನು ನೆಲಕ್ಕೆ ಬಿಟ್ಟು ನನ್ನ ಜಡೆಗೆ ಕೈ ಹಾಕಿದಳು. ಅದರಲ್ಲಿ ಹತ್ತಿ ಇರಲಿಲ್ಲ. ಅವಳು ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಗಿ ಅಳು ಬಂತು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಬಡಿಯುವುದನ್ನು ನಿಲ್ಲಿಸಿದಳು, ನಾನು ಅಳುವುದನ್ನು ನಿಲ್ಲಿಸಿದೆ.

ಅಪ್ಪನಿಂದ ಮೊದಮೊದಲು ಯಾರದೋ ಕೈಯಲ್ಲಿ ಬರೆಸಿದ ಕಾರ್ಡು ಬರುತ್ತಿದ್ದವು. ಎಲ್ಲದರಲ್ಲೂ ಕ್ಷೇಮ, ಕ್ಷೇಮ. ಆಮೇಲೆ ಬರ್ಮಾದ ಕಡೆ ಜಪಾನಿನವರು ಬಂದರೆಂದು ಸುದ್ದಿಯಾಯಿತು, ಕಾರ್ಡು ನಿಂತವು. ಒಂದು ವರ್ಷ ಏನೂ ಇಲ್ಲ. ಮಿಲಿಟರಿಯವರು ಪತ್ತೆ ಇಲ್ಲ ಅಂತ ಕಳಿಸಿದ್ದನ್ನು ಶಾಲೆಯ ಮೇಷ್ಟ್ರು ಓದಿ ಹೇಳಿದರು. ಅತ್ತೆ, ಪತ್ತೆ ಇಲ್ಲ ಅಂದರೆ ಹುಡುಕುತ್ತಿದ್ದಾರೆ ಅಂತ ಅರ್ಥ ಅಲ್ಲವೇ ಮೇಷ್ಟ್ರೇ ಅಂದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹೌದಮ್ಮ, ಹಾಗೂ ಆಗುತ್ತದೆ ಅಂದರು.

ಯುದ್ಧ ಮುಗಿಯುವ ಹೊತ್ತಿಗೆ ಬಿಳಿಚೋಡಿನ ಒಬ್ಬಾತ ವಾಪಸು ಬಂದ. ಅಪ್ಪನ ಜೊತೆಗೇ ಇದ್ದವನು. ಅತ್ತೆ ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋದಳು. ಬರ್ಮಾದಿಂದ ಕಾಡು ಬೆಟ್ಟಗಳ ದಾರಿಯಲ್ಲಿ ನಡೆದೇ ವಾಪಸಾಗಬೇಕಾಯಿತು, ಜನ ಹುಳುಗಳ ಹಾಗೆ ಸತ್ತರು, ನಿಮ್ಮ ತಮ್ಮನಿಗೆ ಜ್ವರ ಬಂದಿತ್ತು, ಒಂದು ಹಳ್ಳದ ಪಕ್ಕ ಕೂರಿಸಿದೆವು, ಎತ್ತಿಕೊಂಡು ಬರುವ ಶಕ್ತಿ ನಮಗೂ ಇರಲಿಲ್ಲ ಅಂದ. ಆಮೇಲೆ ನೋಡಿದಿರಾ ಅಂತ ಅತ್ತೆ ಕೇಳಿದಳು. ಅವನು ಇಲ್ಲ ಅಂದ. ಸತ್ತದ್ದನ್ನು ನೋಡಿದಿರಾ ಅಂದಳು. ಅದಕ್ಕೂ ಇಲ್ಲ ಅಂದ. ಅತ್ತೆ ಎದ್ದು ಸೆರಗು ಕೊಡವಿಕೊಂಡು, ನೋಡಿಲ್ಲ ಅಂದಮೇಲೆ ಆಯಿತು ಬಿಡಿ ಅಂತ ಹೊರಟೇಬಿಟ್ಟಳು. ಅಪ್ಪ ಸತ್ತಿದ್ದಾನೆಂದು ನನಗೆ ಗೊತ್ತಾದದ್ದು ಅವತ್ತು, ವಾಪಸು ಬರುವ ದಾರಿಯ ಬಿಸಿಲಲ್ಲಿ. ಅತ್ತೆಯ ಹಿಂದೆ ಅಳುತ್ತಾ ನಡೆದೆ. ಅವಳು ತಿರುಗಿ ನೋಡಲಿಲ್ಲ. ಶುಕ್ರವಾರ ಬಿಲ್ಲು ಮತ್ತೆ ಇಳಿಯಿತು, ಮತ್ತೆ ಏರಿತು.

ಈ ಸುದ್ದಿ ತಿಳಿದು ಅವ್ವ ಬಂದಳು. ಈ ಸಲ ಬಳೆ ವ್ಯಾಪಾರಿಯನ್ನೂ ಕರೆದುಕೊಂಡು ಬಂದಿದ್ದಳು. ಅತ್ತೆಯ ಕೈ ಹಿಡಿದುಕೊಂಡು, ಅಕ್ಕಾ, ಇನ್ನು ಮಗಳನ್ನು ಕಳಿಸಿಕೊಡಿ ಅಂದಳು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ನಾಳೆ ಅವನು ಬಂದು ನನ್ನ ಮಗಳೆಲ್ಲಿ ಅಂದರೆ ನಾನು ಏನು ಹೇಳಲಿ ಅಂತ ಕೇಳಿದಳು. ಅವ್ವನಿಗೆ ಉತ್ತರ ಗೊತ್ತಿತ್ತು. ಸತ್ತವನು ಬರುವುದಿಲ್ಲ ಅನ್ನಬೇಕಿತ್ತು. ಅದನ್ನು ಒಡಹುಟ್ಟಿದವಳ ಮುಖಕ್ಕೆ ಹೇಳಲು ಅವಳಿಗೆ ಆಗಲಿಲ್ಲ. ಬಿಟ್ಟ ಗಂಡನ ಸಾವನ್ನು ಸಾರಲು ಅವಳು ಯಾರು? ಬಂದ ದಾರಿಯಲ್ಲೇ ವಾಪಸು ಹೋದಳು.

ಹೋದವಳು ಸುಮ್ಮನೆ ಕೂರಲಿಲ್ಲ. ಹೊನ್ನಾಳಿಯಲ್ಲಿ ಒಬ್ಬ ವಕೀಲರನ್ನು ಕಂಡಳು. ಅವರು ಎಲ್ಲವನ್ನೂ ಕೇಳಿ, ಕೋರ್ಟಿಗೆ ಹೋಗಬಹುದು, ಆದರೆ ಮೊದಲು ಮಗುವಿನ ತಂದೆಗೆ ನೋಟೀಸು ಹೋಗಬೇಕು, ಅವನ ವಿಳಾಸ ಕೊಡಿ ಅಂದರಂತೆ. ವಿಳಾಸ ಇಲ್ಲ ಸ್ವಾಮಿ ಅಂದರೆ, ಹಾಗಾದರೆ ತೀರಿಕೊಂಡ ದಾಖಲೆ ಕೊಡಿ ಅಂದರಂತೆ. ಅದೂ ಇಲ್ಲ ಅಂದರೆ, ಎರಡರಲ್ಲಿ ಒಂದಾದರೂ ಇರಬೇಕಲ್ಲಮ್ಮ ಅಂತ ಅವರೇ ತಲೆ ಕೆರೆದುಕೊಂಡರಂತೆ. ಅಪ್ಪ ಬದುಕಿದ್ದರೆ ನಾನು ಅವ್ವನನ್ನು ವಾರಕ್ಕೊಮ್ಮೆ ನೋಡುತ್ತಿದ್ದೆ. ಸತ್ತಿದ್ದರೆ ಅವ್ವನ ಕಡೆಯವರು ಎಲೆ ಇಟ್ಟು ಹೊಸ ತೀರ್ಪು ಕೇಳಬಹುದಿತ್ತು, ಅಪ್ಪ ಸತ್ತ ಹೆಣ್ಣುಮಗುವಿಗೆ ಅವ್ವನ ಮನೆಯೇ ಗತಿ ಅಂತ ಕಟ್ಟಳೆಯಲ್ಲೇ ಸಡಿಲವಿತ್ತು. ಅವನು ಎರಡೂ ಅಲ್ಲದೆ ಎಲ್ಲೋ ಹಳ್ಳದ ಪಕ್ಕ ಕೂತಿದ್ದ, ನಾನು ಇಲ್ಲಿ ಜಗಳೂರಿನಲ್ಲಿ ಅಡಕತ್ತರಿಗೆ ಸಿಕ್ಕಿಕೊಂಡು ಕೂತಿದ್ದೆ. ಒಂದೊಂದು ಸಲ ಅಪ್ಪನ ಮೇಲೇ ವಿಪರೀತ ಸಿಟ್ಟು ಬರುತ್ತಿತ್ತು. ಬರುವುದಾದರೆ ಬಾ, ಇಲ್ಲದಿದ್ದರೆ ಇಲ್ಲ ಅಂತ ಹೇಳಿಬಿಡು ಅಂತ ಬಿಲ್ಲಿನ ಮುಂದೆ ನಿಂತು ಬೈಯುತ್ತಿದ್ದೆ.

ಕೊನೆಗೆ ಅವ್ವ ಚನ್ನಗಿರಿಗೆ ಹೋಗಿ ಯಜಮಾನರ ಬಾಗಿಲಲ್ಲಿ ಕೂತಳು. ಅವರಿಗೂ ವಯಸ್ಸಾಗಿತ್ತು. ಎಲೆ ಇಟ್ಟವನೇ ಬರಬೇಕು ಅನ್ನುವುದನ್ನು ದಾಟಲು ಅವರಿಗೆ ಧೈರ್ಯವಿಲ್ಲ, ಈ ಹೆಂಗಸಿನ ಕಣ್ಣೀರು ನೋಡಲೂ ಆಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಹುಡುಕಿದ ದಾರಿ ಇದು: ಅವನ ರಕ್ತದವರು ಯಾರಾದರೂ ಪಂಚರ ಮುಂದೆ ಬಾಯಿಬಿಟ್ಟು ಅವನು ಇಲ್ಲ ಅಂತ ಹೇಳಿ, ಅವನ ಹೆಸರಲ್ಲಿ ಸತ್ತವರಿಗೆ ಓದಿಸುವ ಫಾತಿಹಾ ಓದಿಸಿದರೆ ಅವನ ಎಲೆ ಬಿದ್ದುಹೋಯಿತೆಂದು ತಿಳಿಯುವುದು. ರಕ್ತದವರು ಅಂದರೆ ಇಬ್ಬರೇ. ಅತ್ತೆ, ಮತ್ತು ನಾನು.

ಅವ್ವ ಹೇಳಿ ಕಳಿಸಿದಳು. ಅತ್ತೆ ಬರುವುದಿಲ್ಲ ಅನ್ನುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ನನ್ನ ಲಂಗ, ರವಿಕೆಗಳನ್ನೆಲ್ಲ ಒಗೆದು ಒಣಗಿಸಿ ಗಂಟು ಕಟ್ಟಿದಳು. ನಾಲ್ಕು ದಿನದ ಪ್ರಯಾಣಕ್ಕೆ ಇಷ್ಟೇಕೆ ಅಂತ ನನಗೆ ಹೊಳೆಯಲಿಲ್ಲ. ನನ್ನ ಯೋಚನೆಯೇ ನನಗಿತ್ತು. ಹಾದಿಯಲ್ಲಿ, ಬಸ್ಸಿನಲ್ಲಿ, ದಾವಣಗೆರೆಯ ಮುಸಾಫಿರಖಾನೆಯಲ್ಲಿ, ಮನಸ್ಸಿನಲ್ಲೇ ಆ ಮಾತನ್ನು ಉರು ಹೊಡೆಯುತ್ತಿದ್ದೆ. ನಮ್ಮಪ್ಪ ಇಲ್ಲ. ನಮ್ಮಪ್ಪ ಇಲ್ಲ. ಎರಡೇ ಪದ. ಅಷ್ಟನ್ನು ಹೇಳಿದರೆ ನ್ಯಾಮತಿ, ಅವ್ವ, ತಮ್ಮ, ನನ್ನ ಜಡೆಗೆ ಎಣ್ಣೆ. ಹೇಳಿಯೇ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಂಡಿದ್ದೆ.

ಅದೇ ಅಂಗಳ. ನಾನು ಬೆಳೆದಿದ್ದೆ, ಅಂಗಳ ಚಿಕ್ಕದಾಗಿತ್ತು. ಹೆಂಗಸರ ಕಡೆ ಅವ್ವ ಎದುರಿಗೆ ಕೂತಿದ್ದಳು, ಅತ್ತೆ ನನ್ನ ಹಿಂದೆ. ಯಜಮಾನರು ಮೊದಲು ಅತ್ತೆಯನ್ನು ಕೇಳಿದರು. ಅವಳು ತಲೆ ತಗ್ಗಿಸಿದಳು. ಅವರು ಬಹಳ ಹೊತ್ತು ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೆದರಬ್ಯಾಡ ಮಗಾ. ನಿಮ್ಮಪ್ಪನ ವಿಷಯ ನಿನ್ನ ಬಾಯಲ್ಲೇ ಹೇಳು. ಅವನು ಬರ್ತಾನೋ, ಇಲ್ಲೋ?"

ಆಗ ಅತ್ತೆಯ ಕೈ ನನ್ನ ಬೆನ್ನ ಮೇಲೆ ಬಿತ್ತು. ರವಿಕೆಯ ಮೇಲಿಂದಲೇ ಅವಳ ಐದು ಬೆರಳೂ ಒತ್ತುತ್ತಿದ್ದವು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗೋಡೆಯ ಬಿಲ್ಲು, ಶುಕ್ರವಾರದ ಬಟ್ಟೆ, ಎತ್ತರಿಸಬೇಕಾದ ಸೂರು ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ನಾನು ಆ ಎರಡು ಪದ ಆಡಿದರೆ ಈಕೆ ಇಲ್ಲೇ, ಈ ಅಂಗಳದಲ್ಲೇ ಉರುಳಿಬೀಳುತ್ತಾಳೆ ಅನ್ನಿಸಿತು. ಇಷ್ಟು ವರ್ಷ ನನಗೆ ರೊಟ್ಟಿ ಹಾಕಿದವಳ ತಮ್ಮನನ್ನು ನನ್ನ ಬಾಯಿಂದ ಕೊಲ್ಲಲೇ? ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿಗಳು ಅಲ್ಲಾಡುತ್ತಿದ್ದವು.

"ಬರ್ತಾನೆ," ಅಂದೆ.

ಯಜಮಾನರು ಉಸಿರು ಬಿಟ್ಟರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುವ ಹಾಗಿತ್ತು ಅವರ ಮುಖ. ಹೆತ್ತ ಮಗಳೇ ಬರುತ್ತಾನೆ ಅಂದಮೇಲೆ ಇನ್ನು ಮಾತಿಲ್ಲ, ಅವನು ಬಂದ ಮೇಲೆಯೇ ಈ ವಿಷಯ, ಅಲ್ಲಿಯವರೆಗೆ ಯಾರೂ ಇದನ್ನು ಎತ್ತಕೂಡದು ಅಂದರು. ಎಲೆಯ ತಟ್ಟೆ ಒಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಯಾರೋ ಹೆಂಗಸು ಅವ್ವನಿಗೆ ಕೇಳುವ ಹಾಗೇ ಹೇಳಿದಳು. ಅವ್ವ ಅಳಲಿಲ್ಲ. ನನ್ನ ಹತ್ತಿರ ಬಂದು, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಹೂಂ ಮಗಾ, ಬರ್ತಾನೆ ಅಂದಳು. ಅವಳು ನನ್ನ ಮಾತನ್ನು ಹೇಗೆ ತಿಳಿದಳೋ, ತನಗಿಂತ ಅತ್ತೆಯೇ ಹೆಚ್ಚು ಅಂದುಕೊಂಡಳೋ, ಅವಳು ಬದುಕಿರುವವರೆಗೂ ನಾನು ಕೇಳಲಿಲ್ಲ. ಎರಡು ವರ್ಷದ ಮೇಲೆ ನನ್ನ ಮದುವೆ ಜಗಳೂರಿನಲ್ಲೇ ಆಯಿತು. ಅವ್ವ ನೆಂಟರ ಜೊತೆ ಬಂದು ನೆಂಟರ ಸಾಲಿನಲ್ಲಿ ಉಂಡು ಹೋದಳು.

ಆದರೆ ನಾನು ಬರೆಯಬೇಕೆಂದು ಕೂತದ್ದು ಅದನ್ನಲ್ಲ, ಚನ್ನಗಿರಿಯಿಂದ ವಾಪಸು ಬರುವಾಗ ನಡೆದದ್ದನ್ನು. ನಮ್ಮ ಇದ್ದಿಲ ಬಸ್ಸು ಒಂದು ಏರಿನಲ್ಲಿ ಕೆಮ್ಮಿ ನಿಂತಿತು. ಕಂಡಕ್ಟರು ಎಲ್ಲರನ್ನೂ ಇಳಿಸಿದ. ಗಂಡಸರು ತಳ್ಳುತ್ತಿದ್ದರು, ಹೆಂಗಸರು ಮಕ್ಕಳು ಹಿಂದೆ ನಡೆದೆವು. ಅತ್ತೆಯ ಕಂಕುಳಲ್ಲಿ ನನ್ನ ಬಟ್ಟೆಯ ಗಂಟು. ನಾನು ಹೊತ್ತುಕೊಳ್ಳುತ್ತೇನೆ ಕೊಡು ಅಂದೆ. ಅವಳು ಕೊಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, ಮುಂದೆ ನೋಡುತ್ತಲೇ ಕೇಳಿದಳು.

"ಯಾಕೆ ಹಂಗಂದೆ?"

ನನಗೆ ಅರ್ಥವಾಗಲಿಲ್ಲ. ನಿನಗೋಸ್ಕರ ಅನ್ನಲು ನಾಚಿಕೆಯಾಗಿ, ಅಪ್ಪ ಬರ್ತಾನಲ್ಲ ಅಂದೆ.

"ಬರಲ್ಲ. ಆ ಬಿಳಿಚೋಡಿನವನ ಮನೆಯಾಗೇ ನಂಗೆ ಗೊತ್ತಾತು. ನನ್ನ ಬಾಯಾಗೆ ಆ ಮಾತು ಬರಾಕಿಲ್ಲ ಕಣೇ, ಒಡಹುಟ್ಟಿದವಳು ನಾನು. ನೀನು ಹೇಳ್ತೀಯ ಅಂತಾನೇ ಕರ್ಕೊಂಡು ಬಂದೆ. ಹೇಳು ಅಂತ ಬೆನ್ನಿಗೆ ಕೈ ಹಾಕಿ ತಳ್ಳಿದೆನಲ್ಲೇ."

ನಾನು ನಿಂತುಬಿಟ್ಟೆ. ಅವಳೂ ನಿಂತಳು. ಗಂಟಿನಲ್ಲಿ ನನ್ನ ಬಟ್ಟೆಗಳೆಲ್ಲ ಏಕಿದ್ದವೆಂದು ಆಗ ತಿಳಿಯಿತು. ಹಿಂದಕ್ಕೆ ಓಡಿದರೆ ಚನ್ನಗಿರಿ ಎಷ್ಟು ದೂರ ಅಂತ ಒಂದು ಕ್ಷಣ ಯೋಚಿಸಿದೆ. ಓಡಿ ಏನು ಹೇಳಲಿ? ಬರುತ್ತಾನೆ ಅಂತ ಬೆಳಿಗ್ಗೆ ನಾನೇ ಹೇಳಿದ ಅಪ್ಪ ಮಧ್ಯಾಹ್ನಕ್ಕೆ ಸತ್ತ ಅನ್ನಲೇ? ಅತ್ತೆಯ ಮೇಲೆ ಕೂಗಾಡಬೇಕು ಅನ್ನಿಸಿತು, ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಎರಡೂ ಮಾಡಲಿಲ್ಲ. ಏರಿನ ಮೇಲೆ ಬಸ್ಸು ಚಾಲೂ ಆಗಿ ಗುರುಗುಟ್ಟಿತು, ಹತ್ತಿ ಹತ್ತಿ ಅಂತ ಕಂಡಕ್ಟರು ಕೂಗತೊಡಗಿದ. ಅತ್ತೆ ಮೊದಲು ಹತ್ತಿ, ಗಂಟನ್ನು ಸೀಟಿನ ಮೇಲಿಟ್ಟು, ನನಗೆ ಕೈ ಕೊಟ್ಟಳು. ಹಿಡಿದುಕೊಂಡು ಹತ್ತಿದೆ.